ತುಂಗಭದ್ರೆಯ ಮೀನು ಯಾವುದು? ಮರಿ ಬಿಡುವ ಮೊದಲು ಕೇಳಬೇಕಾದ ಪ್ರಶ್ನೆ

ನಾನು ಇಟ್ಟಿಗಿಯವನು ಅಂದ ತಕ್ಷಣ ಬೆಂಗಳೂರಿನ ಗೆಳೆಯರು "ಓ, ಮಹಾದೇವ ದೇವಾಲಯ ಇದೆಯಲ್ಲ, ಆ ಊರಾ?" ಅಂತ ಕೇಳ್ತಾರೆ. ಅದು ಕೊಪ್ಪಳ ಜಿಲ್ಲೆಯ ಇಟಗಿ. ನಮ್ಮದು ವಿಜಯನಗರ ಜಿಲ್ಲೆ, ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ. ಹೆಸರು ಹೆಚ್ಚೂಕಮ್ಮಿ ಒಂದೇ, ಊರು ಬೇರೆ. ಊರಿನ ವಿಷಯದಲ್ಲಿ ಈ ಗೊಂದಲ ಆದರೆ ನಕ್ಕು ತಿದ್ದಬಹುದು. ಆದರೆ ಮೀನಿನ ವಿಷಯದಲ್ಲಿ ಇದೇ ಥರದ ಗೊಂದಲ ಆಗಿ, ನಮ್ಮದೇ ರಾಜ್ಯದ ಒಂದು ನದಿಯ ಅತಿ ದೊಡ್ಡ ಮೀನು ಅಳಿವಿನಂಚಿಗೆ ಬಂದು ನಿಂತಿದೆ. ಅದನ್ನು ಹಾಳು ಮಾಡಬೇಕು ಅಂತ ಯಾರೂ ಹೊರಟಿರಲಿಲ್ಲ. ಉಳಿಸಬೇಕು ಅಂತಲೇ ಹೊರಟಿದ್ದರು.

ಆ ಕತೆಗೆ ಆಮೇಲೆ ಬರ್ತೀನಿ. ಮೊದಲು ನಮ್ಮ ಹೊಳೆಯ ವಿಷಯ.

ನಮ್ಮ ಹೋಬಳಿ ಒಣ ಹೋಬಳಿ. ಜೋಳ, ಮೆಕ್ಕೆಜೋಳದ ಎರೆ ಹೊಲಗಳು, ಮಳೆ ಬಂದರೆ ತುಂಬುವ ಕೆರೆಗಳು. ತುಂಗಭದ್ರೆ ಇರೋದು ತಾಲ್ಲೂಕಿನ ಅಂಚಿಗೆ. ಕುರುವತ್ತಿ, ಮೈಲಾರ, ಮಾಗಳ, ಮದಲಗಟ್ಟಿ ಇವೆಲ್ಲ ಹೊಳೆದಂಡೆಯ ಊರುಗಳು. ಕಳೆದ ಮುಂಗಾರಿನಲ್ಲಿ ಊರಿಗೆ ಹೋದಾಗ ಸೋದರಮಾವನ ಬೈಕಿನಲ್ಲಿ ಹೊಳೆ ಕಡೆ ಹೋಗಿದ್ದೆ. ದಂಡೆಯಲ್ಲಿ ಹರಿಗೋಲು ಮಗುಚಿಟ್ಟು ಹಿರಿಯರೊಬ್ಬರು ಬಲೆ ಬಿಡಿಸ್ತಾ ಕೂತಿದ್ರು. ಬುಟ್ಟಿಯಲ್ಲಿ ಬೆಳಗಿನ ಮೀನು ಇತ್ತು.

"ಯಾವ ಮೀನು ಕಾಕಾ?" ಅಂದೆ.

"ಎಲ್ಲಾ ಸರ್ಕಾರಿ ಮೀನ ತಮ್ಮಾ. ಕಾಟ್ಲಾ, ರೋಹು. ಇದೊಂದು ಜಿಲೇಬಿ. ಅದನ್ನ ಯಾರೂ ಬಿಟ್ಟಿಲ್ಲ ಬಿಡು, ತಾನ ಬಂದೈತಿ."

"ಮೊದ್ಲಿನ ಹೊಳಿ ಮೀನು?"

"ಮಳಿಗಾಲದಾಗ ಒಂದೊಂದು ಸಿಗ್ತಾವ. ಬಾಳಿ ಮೀನು ಸಿಗ್ತೈತಿ. ನಮ್ಮಪ್ಪ ಹೇಳ್ತಿದ್ದ ಮೀನಿನ ಹೆಸರು ಹೇಳಿದ್ರ ನನ್ನ ಮಗಗ ಗೊತ್ತಾಗಂಗಿಲ್ಲ."

'ಸರ್ಕಾರಿ ಮೀನು' ಅನ್ನೋ ಮಾತು ತಲೆಯಲ್ಲಿ ಉಳೀತು. ಸರ್ಕಾರಿ ಶಾಲೆ, ಸರ್ಕಾರಿ ಬಸ್ಸು ಇದ್ದ ಹಾಗೆ ಸರ್ಕಾರಿ ಮೀನು. ಹೊಳೆ ತಾನಾಗಿ ಕೊಟ್ಟದ್ದಲ್ಲ, ಇಲಾಖೆ ತಂದು ಬಿಟ್ಟದ್ದು. ಐವತ್ತು ವರ್ಷ ಬಲೆ ಹಾಕಿದ ಮನುಷ್ಯನಿಗೆ ಯಾವುದು ಹೊಳೆಯದ್ದು, ಯಾವುದು ಹೊರಗಿನದ್ದು ಅನ್ನೋದು ಸ್ಪಷ್ಟವಾಗಿ ಗೊತ್ತಿದೆ. ನಮ್ಮ ಯೋಜನೆಗಳ ಕಾಗದದಲ್ಲಿ ಮಾತ್ರ ಈ ವ್ಯತ್ಯಾಸ ಕಾಣಿಸೋದು ಕಮ್ಮಿ.

ಹೊರಗಿನ ಮೀನು ಬಂದದ್ದು ಹೇಗೆ?

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ನದಿಗಳ ಮೀನು. ಬೇಗ ಬೆಳೀತಾವೆ, ಒಳ್ಳೆ ತೂಕ ಬರುತ್ತೆ, ಒಂದೇ ಕೆರೆಯಲ್ಲಿ ಮೂರೂ ಬೇರೆ ಬೇರೆ ಮಟ್ಟದ ಆಹಾರ ತಿಂದು ಹೊಂದಿಕೊಂಡು ಬೆಳೀತಾವೆ. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡಲ್ಲ ಅನ್ನೋದೊಂದೇ ತೊಡಕಾಗಿತ್ತು. ಡಾ. ಹೀರಾಲಾಲ್ ಚೌಧರಿ ಮತ್ತವರ ತಂಡ 1957ರ ಜುಲೈ 10ರಂದು, ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸೋದರಲ್ಲಿ ಯಶಸ್ವಿಯಾಯ್ತು. ಇವತ್ತಿಗೂ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಅಲ್ಲಿಂದ ಮೀನು ಮರಿ ಅನ್ನೋದು ಬಿತ್ತನೆ ಬೀಜದಂತೆ ಲೆಕ್ಕದಲ್ಲಿ ಸಿಗುವ ವಸ್ತುವಾಯ್ತು. ದೇಶದ ಪ್ರತಿ ಜಲಾಶಯ, ಪ್ರತಿ ಕೆರೆಗೂ ಇದೇ ಮೂರು ಮೀನು ಹೋದವು.

ಅದೇ ಕಾಲದಲ್ಲಿ ಹೊರದೇಶದ ಮೀನುಗಳೂ ಬಂದವು. ಆಫ್ರಿಕಾದ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಇದೇ ನಮ್ಮ ಜಿಲೇಬಿ ಮೀನು. ಐವತ್ತರ ದಶಕದ ಕೊನೆಗೆ ಸಾಮಾನ್ಯ ಗೆಂಡೆಯ ಹೊಸ ತಳಿ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಬಂದವು. ಆಮೇಲೆ ಕದ್ದುಮುಚ್ಚಿ ಆಫ್ರಿಕನ್ ಕ್ಯಾಟ್‌ಫಿಶ್ ಬಂತು. ಅದನ್ನು ಕೇಂದ್ರ ಸರ್ಕಾರ 2000ನೇ ಇಸವಿಯಲ್ಲೇ ನಿಷೇಧಿಸಿದೆ. ಆದರೂ ಅದರ ಸಾಕಣೆ ನಿಂತಿಲ್ಲ. ಮಳೆಗಾಲದಲ್ಲಿ ಹೊಂಡ ಒಡೆದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ದಾರಿ ಸಲೀಸು.

ಇವುಗಳಲ್ಲಿ ತಿಲಾಪಿಯಾದ ಲೆಕ್ಕ ಗಮನಿಸಿ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಕೊಂಡು ಮರಿ ಮಾಡುತ್ತೆ, ಹಾಗಾಗಿ ಮರಿಗಳು ಉಳಿಯುವ ಪ್ರಮಾಣ ಹೆಚ್ಚು. ಹುಟ್ಟಿದ ಕೆಲವೇ ತಿಂಗಳಲ್ಲಿ ತಾನೂ ಮೊಟ್ಟೆ ಇಡೋಕೆ ತಯಾರು, ವರ್ಷಕ್ಕೆ ಹಲವು ಸಲ. ಇನ್ನೊಂದು ಕಡೆ ನಮ್ಮ ಮಹಶೀರ್. ಬಲಿಯೋಕೆ ವರ್ಷಗಳೇ ಬೇಕು. ಮುಂಗಾರಿನ ಹೊಸ ನೀರು ಬಂದಾಗ ಹೊಳೆಗೆ ಎದುರಾಗಿ ಮೇಲೆ ಹತ್ತಬೇಕು. ಉರುಟು ಕಲ್ಲಿನ ತಳ, ತಿಳಿಯಾದ, ಆಮ್ಲಜನಕ ತುಂಬಿದ ಹರಿವ ನೀರು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ವರ್ಷದ ಮರಿ ಇಲ್ಲ. ನೀವು ಹೊಳೆಯನ್ನು ನಿಂತ ನೀರು ಮಾಡಿದ ದಿನವೇ ಈ ಪಂದ್ಯದ ಫಲಿತಾಂಶ ತೀರ್ಮಾನ ಆಗಿಹೋಗುತ್ತೆ.

ನಾವು ಮಾಡಿದ್ದೂ ಅದನ್ನೇ. ಮೇಲ್ಗಡೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಗಾಜನೂರಿನಲ್ಲಿ ತುಂಗಾ ಅಣೆಕಟ್ಟು. ಕೂಡ್ಲಿಯಲ್ಲಿ ಎರಡೂ ಸೇರಿ ಕೆಳಗೆ ಬಂದರೆ ಹಮ್ಮಿಗಿ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು. ಅದರ ಕೆಳಗೆ 1953ರಿಂದ ಹೊಸಪೇಟೆಯ ತುಂಗಭದ್ರಾ ಜಲಾಶಯ, 378 ಚದರ ಕಿಲೋಮೀಟರ್ ಹರವಿನ ನಿಂತ ನೀರು. ಈ ನೀರಿಲ್ಲದೆ ನಮ್ಮ ಭಾಗದ ಬದುಕು ಇಲ್ಲ, ಅಣೆಕಟ್ಟು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಮೇಲೆ ಹತ್ತಬೇಕಾದ ಮೀನಿಗೆ ನಾವು ಒಂದರ ಮೇಲೊಂದು ಗೋಡೆ ಕಟ್ಟಿದ್ದೀವಿ ಅನ್ನೋದನ್ನು ಲೆಕ್ಕಕ್ಕೆ ತಗೋಬೇಕು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾನೂ ಸೇರಿ ಪತ್ರಕರ್ತರೆಲ್ಲ ಎಷ್ಟು ಟಿಎಂಸಿ ನೀರು ಹೋಯ್ತು ಅಂತ ಬರೆದೆವು. ಮೀನಿನ ಬಗ್ಗೆ ನಾನು ಒಂದು ಸಾಲೂ ಬರೆದ ನೆನಪಿಲ್ಲ.

ಇದರ ಜೊತೆ ಕೊಳಕು. ಹರಿಹರ–ಕುಮಾರಪಟ್ಟಣ ಕಡೆಯ ಕಾರ್ಖಾನೆ ತ್ಯಾಜ್ಯದ ವಿರುದ್ಧ ಎಂಬತ್ತರ ದಶಕದಲ್ಲಿ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿದ್ದಕ್ಕೆ ಹೊಳೆಯಲ್ಲಿ ತೇಲಿದ ಸತ್ತ ಮೀನುಗಳೂ ಒಂದು ಕಾರಣ. ಮರಳು ತೆಗೆದ ಹೊಳೆಯಲ್ಲಿ ಮೊಟ್ಟೆ ಇಡುವ ಜಾಗವೂ ಹೋಗುತ್ತೆ.

ಇಷ್ಟೆಲ್ಲ ಆದ ಮೇಲೆ ಈಗ 'ನದಿಯ ಮೀನು ಸಂಪತ್ತನ್ನು ಮರಳಿ ತರೋಣ' ಅನ್ನೋ ಮಾತು ಶುರುವಾಗಿದೆ. ಒಳ್ಳೇದೇ. ಪ್ರಶ್ನೆ ಇರೋದು ಯಾವ ಮೀನು ಅನ್ನೋದರಲ್ಲಿ.

ಕಾವೇರಿಯಲ್ಲಿ ಆದ ತಪ್ಪು

ಈಗ ಆ ಕತೆ. ಕಾವೇರಿಯಲ್ಲಿ ಒಂದು ಮಹಶೀರ್ ಇತ್ತು. ಬೆನ್ನ ಮೇಲೆ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ, ಐವತ್ತು ಕಿಲೋ ದಾಟಬಲ್ಲ ದೇಹ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಗಾಳ ಹಾಕೋ ಹವ್ಯಾಸಿಗಳ ಲೋಕದಲ್ಲಿ ಕಾವೇರಿಗೆ ಹೆಸರು ಬಂದದ್ದೇ ಈ ಮೀನಿನಿಂದ.

ಎಪ್ಪತ್ತರ ದಶಕದ ಹೊತ್ತಿಗೆ ಡೈನಮೈಟ್, ವಿಷ, ಅಣೆಕಟ್ಟುಗಳಿಂದ ಮಹಶೀರ್ ಕಮ್ಮಿ ಆಗ್ತಿದೆ ಅಂತ ಆತಂಕ ಹುಟ್ಟಿತು. ಅದೇ ಹೊತ್ತಿಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನು ಮರಿ ಕೇಂದ್ರದಲ್ಲಿ ಮಹಶೀರ್ ಮರಿ ಮಾಡುವ ತಂತ್ರ ಸಿದ್ಧಿಸಿತ್ತು. ಅಲ್ಲಿಂದ ಮರಿಗಳು ದೇಶದ ಹಲವು ನದಿಗಳಿಗೆ ಹೋದವು. ಕಾವೇರಿಗೂ ಬಂದವು. ಸಂರಕ್ಷಣೆಯ ದೃಷ್ಟಿಯಿಂದ ಮಾದರಿ ಕೆಲಸ ಅಂತಲೇ ಎಲ್ಲರೂ ಅಂದ್ಕೊಂಡಿದ್ದರು.

ಆದರೆ ಲೋಣಾವಳದ ಮೀನು ನೀಲಿ ಈಜುರೆಕ್ಕೆಯ ಮಹಶೀರ್, ಟಾರ್ ಖುದ್ರೀ. ಅದು ಕೃಷ್ಣಾ ಕೊಳ್ಳದ ಮೀನು. ಕಾವೇರಿಯ ಗೂನುಬೆನ್ನಿನದು ಬೇರೆಯೇ ಜಾತಿ. 'ಮಹಶೀರ್' ಅನ್ನೋ ಒಂದೇ ಹೆಸರಿನ ಕೆಳಗೆ ಎರಡನ್ನೂ ಒಂದು ಮಾಡಿದ್ದರು. ಕಾವೇರಿಗೆ ಬಂದ ನೀಲಿ ಮೀನು ಅಲ್ಲಿ ಚೆನ್ನಾಗಿ ಹೊಂದಿಕೊಂಡಿತು.

ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಕ ಹಾಕಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆ ಇತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗ ಸಂಶೋಧಕರು ಅದನ್ನು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಮೇಲ್ನೋಟಕ್ಕೆ ಮಹಶೀರ್‌ಗಳ ಸಂಖ್ಯೆ ಹೆಚ್ಚಾಗಿತ್ತು, ಅಂದರೆ ಯಶಸ್ಸು. ಒಳಗೆ ಬಿಡಿಸಿ ನೋಡಿದರೆ ಹೆಚ್ಚಾಗಿದ್ದು ನೀಲಿ ಮಹಶೀರ್. ಗೂನುಬೆನ್ನಿನದು ಕುಸಿದು ಹೋಗಿತ್ತು.

ಇನ್ನೂ ವಿಚಿತ್ರ ಏನಂದ್ರೆ, ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಹಿಡಿದು ಫೋಟೊ ತೆಗೆಸಿಕೊಂಡ ಈ ಮೀನಿಗೆ ಆಗ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದಿದ್ದರೆ ಕೆಂಪು ಪಟ್ಟಿಗೆ ಸೇರಿಸೋಕೂ ಆಗಲ್ಲ. ಕೊನೆಗೆ ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿ, 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ವಿವರಿಸಲಾಗಿದ್ದ ಟಾರ್ ರೆಮಾದೇವಿಯೈ ಇದೇ ಅಂತ 2018ರಲ್ಲಿ ಖಚಿತಪಡಿಸಿದರು. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿಸಿತು. ಇತ್ತ ಅಪಾಯದ ಪಟ್ಟಿಯಲ್ಲಿದ್ದ ನೀಲಿ ಮಹಶೀರ್ 2020ರ ಹೊತ್ತಿಗೆ 'ಕಡಿಮೆ ಆತಂಕ'ದ ವರ್ಗಕ್ಕೆ ಬಂತು. ಒಂದು ಮೀನನ್ನು ಉಳಿಸಿದ ಯಶಸ್ಸಿನಲ್ಲೇ ಇನ್ನೊಂದು ಮೀನಿನ ಸೋಲೂ ಇದೆ.

ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನಲ್ಲಿ ಕಲಿತ ಒಂದು ಪಾಠ ಇಲ್ಲಿ ನೆನಪಾಗುತ್ತೆ. ಎರಡು ನಟ್ ನೋಡೋಕೆ ಒಂದೇ ಥರ, ಅಳತೆಯೂ ಒಂದೇ, ಆದರೆ ಥ್ರೆಡ್ ಬೇರೆ. ಮೊದಲ ಸುತ್ತು ಹತ್ತುತ್ತೆ. ನೀವು ಸರಿ ಅಂದ್ಕೊಂಡು ಬಿಗಿ ಮಾಡ್ತೀರಿ. ಬೋಲ್ಟೇ ಹಾಳಾಗುತ್ತೆ. ಆಮೇಲೆ ಸರಿಯಾದ ನಟ್ ತಂದರೂ ಕೂರಲ್ಲ. ಕಾವೇರಿಯಲ್ಲಿ ಆದದ್ದು ಇದು.

ದೇಶಿ ಅಂದರೆ ಯಾವ ದೇಶ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೀನಿನ ವಿಷಯದಲ್ಲಿ ನಾವು 'ದೇಶಿ', 'ವಿದೇಶಿ' ಅಂತ ಭಾಗ ಮಾಡ್ತೀವಿ. ತಿಲಾಪಿಯಾ ವಿದೇಶಿ, ರೋಹು ದೇಶಿ ಅಂತ. ಮೀನಿಗೆ ಪಾಸ್‌ಪೋರ್ಟ್ ಇಲ್ಲ. ಅದಕ್ಕೆ ಗೊತ್ತಿರೋದು ನದಿ ಕೊಳ್ಳ ಮಾತ್ರ. ಕಾವೇರಿಗೂ ಕೃಷ್ಣೆಗೂ ನಡುವೆ ಇರುವ ಒಣ ದಿಣ್ಣೆ, ಮೀನಿನ ಪಾಲಿಗೆ ಸಮುದ್ರದಷ್ಟೇ ದೊಡ್ಡದು.

ಈ ದೃಷ್ಟಿಯಿಂದ ನೋಡಿದರೆ ಚಿತ್ರ ಬದಲಾಗುತ್ತೆ. ನಮಾಮಿ ಗಂಗೆ ಯೋಜನೆಯಲ್ಲಿ ಸಿಐಎಫ್‌ಆರ್‌ಐ ಸಂಸ್ಥೆ ಗಂಗೆಯಿಂದಲೇ ಹಿಡಿದ ತಾಯಿ ಮೀನುಗಳಿಂದ ರೋಹು, ಕಾಟ್ಲಾ ಮರಿ ಮಾಡಿ ಗಂಗೆಗೇ ಬಿಡ್ತಿದೆ. ಅಲ್ಲಿ ಅದು ನದಿಯ ಪುನಶ್ಚೇತನ. ಅದೇ ರೋಹು ಮರಿಯನ್ನು ತುಂಗಭದ್ರೆಗೆ ಬಿಟ್ಟರೆ ಅದು ಮೀನು ಕೃಷಿ. ಕೃಷಿ ತಪ್ಪಲ್ಲ. ಆದರೆ ಅದಕ್ಕೆ ಪುನಶ್ಚೇತನ ಅಂತ ಹೆಸರು ಕೊಡಬಾರದು. ಹಾಗೇ, ನೀಲಿ ಮಹಶೀರ್ ಕಾವೇರಿಯಲ್ಲಿ ಪರಕೀಯ, ಕೃಷ್ಣಾ ಕೊಳ್ಳದ ನಮ್ಮ ತುಂಗಭದ್ರೆಯಲ್ಲಿ ಮನೆಮಗ. ಅದನ್ನು ನಿಜವಾಗಿ ಮರಳಿ ತರಬೇಕಾದ ಜಾಗ ನಮ್ಮ ಹೊಳೆ.

ಅಮೆರಿಕದವರು ಇದೇ ಪಾಠವನ್ನು ಟ್ರೌಟ್ ಮೀನಿನ ವಿಷಯದಲ್ಲಿ ಕಲಿತರು. ನಮಗೆ ಟ್ರೌಟ್ ಅಂದರೆ ನೀಲಗಿರಿ. ಬ್ರಿಟಿಷರು ಗಾಳದ ಮೋಜಿಗೆ ಅಲ್ಲಿಗೆ ತಂದು ಬಿಟ್ಟ ಹೊರಗಿನ ಮೀನು. ಅಮೆರಿಕದ ಪಶ್ಚಿಮ ಭಾಗದ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೂಲನಿವಾಸಿ, ಒಂದೊಂದು ಕೊಳ್ಳಕ್ಕೆ ಒಂದೊಂದು ಜಾತಿ. ಅಲ್ಲಿಗೂ ಯುರೋಪಿನ ಬ್ರೌನ್ ಟ್ರೌಟ್, ಅದೇ ದೇಶದ ಪೂರ್ವ ಭಾಗದ ಬ್ರೂಕ್ ಟ್ರೌಟ್, ಪೆಸಿಫಿಕ್ ಕರಾವಳಿ ಕಡೆಯ ರೇನ್‌ಬೋ ಟ್ರೌಟ್ ತಂದು ತುಂಬಿದರು. ಸ್ಥಳೀಯವು ಮೂಲೆ ಸೇರಿದವು.

ಕೊಲರಾಡೊ ರಾಜ್ಯದಲ್ಲಿ ಗ್ರೀನ್‌ಬ್ಯಾಕ್ ಅನ್ನೋ ಟ್ರೌಟನ್ನು ಉಳಿಸೋಕೆ ದಶಕಗಟ್ಟಲೆ ಕೆಲಸ ಮಾಡಿ, ಹೊಳೆ ಹೊಳೆಗೂ ಬಿಟ್ಟರು. 2012ರಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮ್ಯೂಸಿಯಂ ಸೇರಿದ್ದ ಮೀನುಗಳ ಡಿಎನ್‌ಎ ಜೊತೆ ಹೋಲಿಸಿ ನೋಡಿದರೆ, ಇಷ್ಟು ದಿನ ಬಿಟ್ಟದ್ದರಲ್ಲಿ ಹೆಚ್ಚಿನವು ಬೇರೆಯೇ ತಳಿ ಅಂತ ಗೊತ್ತಾಯ್ತು. ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದು ಬೇರ್ ಕ್ರೀಕ್ ಅನ್ನೋ ಒಂದೇ ಒಂದು ಸಣ್ಣ ಹಳ್ಳದಲ್ಲಿ. ಅವರು ಸುಮ್ಮನಾಗಲಿಲ್ಲ. ಆ ಹಳ್ಳದ ಮೀನನ್ನೇ ತಾಯಿಯಾಗಿಟ್ಟು ಮತ್ತೆ ಶುರು ಮಾಡಿದರು.

ಅರಿಝೋನಾದ ಅಪಾಚೆ ಟ್ರೌಟ್ ಇನ್ನೊಂದು ಉದಾಹರಣೆ. ಅಲ್ಲಿನ ವೈಟ್ ಮೌಂಟನ್ ಅಪಾಚೆ ಬುಡಕಟ್ಟಿನವರು 1955ರಲ್ಲೇ ತಮ್ಮ ಹೊಳೆಗಳಲ್ಲಿ ಮೀನು ಹಿಡಿಯೋದನ್ನು ನಿಲ್ಲಿಸಿ ಅದನ್ನು ಕಾಪಾಡಿದರು. ಆಮೇಲೆ ಸರ್ಕಾರ ಕೈ ಜೋಡಿಸಿತು. ಕೆಳಗಿನಿಂದ ಹೊರಗಿನ ಮೀನು ಹತ್ತದಂತೆ ಸಣ್ಣ ಹೊಳೆಗಳಿಗೆ ತಡೆ ಕಟ್ಟಿದರು, ಮೇಲಿನ ಭಾಗದ ಪರಕೀಯ ಟ್ರೌಟ್‌ಗಳನ್ನು ತೆಗೆದುಹಾಕಿದರು, ಆಮೇಲೆ ಸ್ಥಳೀಯ ಮೀನು ಬಿಟ್ಟರು. 2024ರಲ್ಲಿ ಅದು ಅಪಾಯದ ಪಟ್ಟಿಯಿಂದ ಹೊರಬಂತು. ಹತ್ತಿರ ಹತ್ತಿರ ಎಪ್ಪತ್ತು ವರ್ಷದ ಕೆಲಸ. ಮರಿ ಬಿಡೋದು ಅದರಲ್ಲಿ ಕೊನೆಯ ಹೆಜ್ಜೆಯಾಗಿತ್ತು.

ನಮ್ಮಲ್ಲಿ ಅದೇ ಮೊದಲ ಹೆಜ್ಜೆ, ಬಹಳ ಸಲ ಅದೊಂದೇ ಹೆಜ್ಜೆ. ದಂಡೆಯಲ್ಲಿ ಶಾಮಿಯಾನ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ, ಗಣ್ಯರ ಕೈಯಿಂದ ನೀರಿಗೆ ಮರಿ, ಮರುದಿನ ಪೇಪರಿನಲ್ಲಿ ಇಷ್ಟು ಲಕ್ಷ ಮರಿ ಬಿಡುಗಡೆ ಅಂತ ಸುದ್ದಿ. ಅದರಲ್ಲಿ ಎಷ್ಟು ಬದುಕಿದವು, ಎಷ್ಟು ಬಲೆಗೆ ಬಂದವು ಅನ್ನೋ ಸುದ್ದಿಯನ್ನು ನಾನಂತೂ ಓದಿಲ್ಲ.

ಆದರೆ ಅಮೆರಿಕದ ದಾರಿ ಇಲ್ಲಿ ನಡೆಯಲ್ಲ

ಹಾಗಂತ ಅಪಾಚೆ ಮಾದರಿಯನ್ನು ತುಂಗಭದ್ರೆಗೆ ತಂದು ಹಚ್ಚೋಕಾಗಲ್ಲ. ಬೆಟ್ಟದ ಸಣ್ಣ ತೊರೆಯಿಂದ ಹೊರಗಿನ ಮೀನು ತೆಗೆಯೋದು ಬೇರೆ, 378 ಚದರ ಕಿಲೋಮೀಟರ್ ಜಲಾಶಯದಿಂದ ತಿಲಾಪಿಯಾ ತೆಗೆಯೋದು ಬೇರೆ. ಅದು ಆಗದ ಕೆಲಸ. ಇನ್ನು ನಮ್ಮ ಕಡೆಯ ಉಪನದಿ ಅಂದರೆ ಚಿಕ್ಕ ಹಗರಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಹರಿದು ಜಲಾಶಯ ಸೇರುತ್ತೆ. ವರ್ಷದ ಬಹುಭಾಗ ಮರಳು ಕಾಣೋ ಹಳ್ಳ ಅದು. ಅಲ್ಲಿ ಮಹಶೀರ್ ಬಿಡೋಣ ಅಂದರೆ ಅದೂ ಥ್ರೆಡ್ ಹೊಂದದ ನಟ್ಟೇ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೊಟ್ಟೆಯದ್ದು. ಆ ದಿನ ನಾನು ಈ ದೇಶಿ–ವಿದೇಶಿ ಪುರಾಣ ಎಲ್ಲ ಹೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು: "ಅಲ್ಲಪಾ, ಇವನ್ನ ಬ್ಯಾಡ ಅಂದ್ರ ನಾಳಿ ಬುಟ್ಟಿಗೆ ಏನ್ ಹಾಕ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಸ್ತರು, ಅಂಬಿಗರು, ಗಂಗಾಮತಸ್ಥರು ಅಂತ ಕರೆಸಿಕೊಳ್ಳುವ ಈ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಭೂಮಿ ಇಲ್ಲ. ಅಣೆಕಟ್ಟು ಬಂದು ಹೊಳೆಯ ಮೀನು ಹೋದಾಗ ಅವರ ಬದುಕು ಉಳಿದದ್ದು ಇದೇ ಸರ್ಕಾರಿ ಮೀನಿನಿಂದ. ಸಂತೆಯಲ್ಲಿ ಬಡವರ ಮನೆಗೆ ಹೋಗುವ ಅಗ್ಗದ ಮೀನೂ ಇದೇ. ಬೆಂಗಳೂರಲ್ಲಿ ಕೂತು ಜೀವವೈವಿಧ್ಯದ ಹೆಸರಿನಲ್ಲಿ ಇದನ್ನು ನಿಲ್ಲಿಸಿ ಅನ್ನೋದು ಸುಲಭ. ಅದರ ಬೆಲೆ ಕೊಡೋರು ದಂಡೆಯ ಜನ.

ಆದ್ದರಿಂದ ನನ್ನ ವಾದ ರೋಹು ನಿಲ್ಲಿಸಿ ಅನ್ನೋದಲ್ಲ. ಮೀನು ಸಾಕೋ ನೀರು ಯಾವುದು, ನದಿಯಾಗಿ ಉಳೀಬೇಕಾದ ನೀರು ಯಾವುದು ಅಂತ ಗೆರೆ ಎಳೀರಿ ಅನ್ನೋದು. ಕೆರೆ, ಹೊಂಡ, ಜಲಾಶಯದ ಮುಖ್ಯ ಭಾಗ ಮೀನುಗಾರರ ಹೊಲ ಇದ್ದ ಹಾಗೆ. ಅಲ್ಲಿ ಬೆಳೆ ಬೆಳೀಲಿ. ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ನಿಷೇಧಿತ ಮೀನೊಂದು ಬೇಡ. ಹರಿಯುವ ಹೊಳೆಯ ಕೆಲವು ಭಾಗಗಳನ್ನಾದರೂ ಹೊರಗಿನ ಮರಿ ಬಿಡದೆ ಹೊಳೆಯ ಮೀನಿಗೆ ಬಿಟ್ಟುಕೊಡೋಣ.

ಈಗಿರೋದರಿಂದಲೇ ಶುರು ಮಾಡಬಹುದು

ಇದು ಕನಸಿನ ಮಾತಲ್ಲ ಅನ್ನೋಕೆ ನಮ್ಮ ಹೊಳೆಯ ಮೇಲ್ಗಡೆಯೇ ಸಾಕ್ಷಿ ಇದೆ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಜನ ಮಂಡಕ್ಕಿ ಹಾಕೋ ದೇವರ ಮೀನುಗಳು, ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯ ಮತ್ಸ್ಯಧಾಮ. ಅಲ್ಲಿ ಯಾರೂ ಬಲೆ ಹಾಕಲ್ಲ, ಅಷ್ಟೇ. ಅಷ್ಟರಿಂದಲೇ ದೊಡ್ಡ ಮಹಶೀರ್‌ಗಳು ಉಳಿದಿವೆ. ತುಂಗಭದ್ರೆಗೆ ಮರಿ ಬೇಕಾದರೆ ಮೊದಲು ನೋಡಬೇಕಾದ ತಾಯಿ ಮೀನು ತುಂಗೆಯದ್ದು. ಲೋಣಾವಳದ ಮೀನು ಅದೇ ಜಾತಿ, ಅದೇ ಕೃಷ್ಣಾ ಕೊಳ್ಳ, ನಿಜ. ಆದರೂ ಭೀಮೆಯ ಕವಲಿನದು. ಡಿಎನ್‌ಎ ನೋಡದೆ ಎರಡನ್ನು ಬೆರೆಸೋದು ಹಳೇ ತಪ್ಪನ್ನೇ ಸಣ್ಣ ಪ್ರಮಾಣದಲ್ಲಿ ಮಾಡಿದಂತೆ.

ನಮ್ಮ ಭಾಗದಲ್ಲೂ ಕುರುವತ್ತಿ, ಮೈಲಾರದಂಥ ಕ್ಷೇತ್ರಗಳು ಹೊಳೆದಂಡೆಯಲ್ಲೇ ಇವೆ. ಆ ಘಟ್ಟಗಳ ಹತ್ತಿರದ ಆಳವಾದ ಮಡುಗಳನ್ನು ಮತ್ಸ್ಯಧಾಮ ಅಂತ ಘೋಷಿಸೋಕೆ ದೊಡ್ಡ ಬಜೆಟ್ ಬೇಕಾಗಿಲ್ಲ. ದಂಡೆಯ ಊರಿನವರು ಒಪ್ಪಬೇಕು, ಅಲ್ಲಿ ಬಲೆ ಬಿಟ್ಟುಕೊಡುವ ಮೀನುಗಾರರಿಗೆ ಕಾವಲಿನ ಕೆಲಸ ಮತ್ತು ಸಂಬಳ ಸಿಗಬೇಕು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮೀನು ಉಳಿಯೋದೇ ಮಡುವಿನಲ್ಲಿ. ಬ್ಯಾರೇಜಿನಿಂದ ಬೇಸಿಗೆಯಲ್ಲಿ ಒಂದಿಷ್ಟು ನೀರು ಕೆಳಗೆ ಹರೀತಾ ಇರಬೇಕು ಅನ್ನೋದು ಇದರ ಜೊತೆಗಿನ ಷರತ್ತು. ನೀರಿಲ್ಲದ ಮತ್ಸ್ಯಧಾಮ ಬರೀ ಬೋರ್ಡು.

ಅಣೆಕಟ್ಟಿನ ಕೆಳಗೆ ಇನ್ನೊಂದು ಅವಕಾಶ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ವನ್ಯಜೀವಿ ಕಾಯ್ದೆಯ ರಕ್ಷಣೆ ಈಗಾಗಲೇ ಇದೆ. ನೀರುನಾಯಿ ತಿನ್ನೋದು ಮೀನು. ಆ 34 ಕಿಲೋಮೀಟರಿನಲ್ಲಿ ಹೊರಗಿನ ಮೀನು ಮರಿ ಬಿಡಬಾರದು ಅನ್ನೋ ಒಂದು ಆದೇಶ ಹೊರಡಿಸಿದರೆ, ಅದೇ ತುಂಗಭದ್ರೆಯ ಮೊದಲ ಸ್ಥಳೀಯ ಮೀನಿನ ಹೊಳೆ ಆಗಬಹುದು.

ಮಹಶೀರ್ ಒಂದರ ಹಿಂದೆ ಬೀಳೋದೂ ಸರಿಯಲ್ಲ. ದೊಡ್ಡ ಮೀನಿಗೆ ಗ್ಲಾಮರ್ ಇದೆ, ಹಾಗಾಗಿ ಸುದ್ದಿ ಆಗುತ್ತೆ. ಹೈಪ್ಸಿಲೊಬಾರ್ಬಸ್ ಪುಲ್ಕೆಲ್ಲಸ್ ಅನ್ನೋ ಕಠಿಣ ಹೆಸರಿನ ಒಂದು ಗೆಂಡೆ ಇದೆ. ಕೃಷ್ಣಾ–ತುಂಗಭದ್ರೆಯ ಮೀನು, ನೀರಿನ ಗಿಡಗಂಟಿ ತಿಂದು ಬದುಕುತ್ತೆ. ಅಂದರೆ ಹುಲ್ಲುಗೆಂಡೆ ಮಾಡುವ ಕೆಲಸವನ್ನೇ ಮಾಡುವ ನಮ್ಮದೇ ಮೀನು. ನಾವು ಹುಲ್ಲುಗೆಂಡೆಯನ್ನು ಹೊರದೇಶದಿಂದ ತರಿಸಿಕೊಂಡೆವು, ಇದು ಅತಿ ಗಂಭೀರ ಅಳಿವಿನಂಚಿಗೆ ಹೋಯ್ತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮೀನು ಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದನ್ನು ಕೊಳದಲ್ಲಿ ಮರಿ ಮಾಡುವ ವಿಧಾನ ಸಾಧಿಸಿದೆ. ಕಾಕಾನ ಪ್ರಶ್ನೆಗೆ ಉತ್ತರದ ಒಂದು ತುಂಡು ಇಲ್ಲಿದೆ. ಇದು ಬರೀ ಸಂರಕ್ಷಣೆಯ ಮೀನಲ್ಲ, ತಿನ್ನುವ ಮೀನು, ಮಾರುವ ಮೀನು. ಇಲಾಖೆ ಕೆರೆಗಳಿಗೆ ಕೊಡುವ ಮರಿಗಳಲ್ಲಿ ಒಂದು ಪಾಲು ಇಂಥ ಸ್ಥಳೀಯ ಗೆಂಡೆ ಇದ್ದರೆ ಬುಟ್ಟಿಯೂ ತುಂಬುತ್ತೆ, ತಳಿಯೂ ಉಳಿಯುತ್ತೆ.

ಕೊನೆಯದು ಲೆಕ್ಕದ ಪುಸ್ತಕ. ಕಾವೇರಿಯ ತಪ್ಪು ಬಯಲಾದದ್ದು ಗಾಳದವರು ಬರೆದಿಟ್ಟ ದಾಖಲೆಯಿಂದ. ನಮ್ಮ ಹೊಳೆಯಲ್ಲಿ ದಿನಾ ಬಲೆ ಹಾಕೋರಿದ್ದಾರೆ, ಅವರ ಮಕ್ಕಳ ಕೈಯಲ್ಲಿ ಫೋನ್ ಇದೆ. ಯಾವ ಮೀನು, ಎಲ್ಲಿ, ಎಷ್ಟು ಅಂತ ಫೋಟೊ ಸಮೇತ ಬರೆದಿಡೋಕೆ ಸಹಕಾರ ಸಂಘಗಳಿಗೆ ಸ್ವಲ್ಪ ಹಣ ಕೊಟ್ಟರೆ ಎರಡು ವರ್ಷದಲ್ಲಿ ನಮ್ಮ ಹೊಳೆಯ ಮೀನಿನ ನಕ್ಷೆ ಸಿದ್ಧವಾಗುತ್ತೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯನ್ನು 2020ರಲ್ಲಿ ಘೋಷಿಸಿದಾಗ ಹೇಳಿದ ಮೊತ್ತ 20,050 ಕೋಟಿ ರೂಪಾಯಿ. ನದಿಗಳಿಗೆ ಮರಿ ಬಿಡೋದೂ ಅದರ ಭಾಗ. ಮರಿ ಬಿಡೋಕೆ ದುಡ್ಡು ಇರುವಾಗ, ಬಿಟ್ಟದ್ದು ಏನಾಯ್ತು ಅಂತ ಎಣಿಸೋಕೂ ಇರಬೇಕಲ್ಲ.

ಹಾಗಾಗಿ ಹೊಳೆದಂಡೆಯ ಊರುಗಳ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ನಿಮ್ಮೂರಿನ ದಂಡೆಗೆ ಶಾಮಿಯಾನ ಬಂದಾಗ, ಚೀಲ ಬಿಚ್ಚುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಯಾವ ಮೀನು? ಇದರ ತಾಯಿ ಯಾವ ಹೊಳೆಯದು? ಮುಂದಿನ ವರ್ಷ ಇದೇ ದಿನ ಬಂದು ಎಷ್ಟು ಉಳಿದಿವೆ ಅಂತ ಹೇಳ್ತೀರಾ? ಉತ್ತರ ಸಿಕ್ಕರೆ ಚಪ್ಪಾಳೆ ತಟ್ಟಿ. ಸಿಗದಿದ್ದರೆ ಪಕ್ಕದಲ್ಲಿ ಬಲೆ ಬಿಡಿಸ್ತಾ ಕೂತ ಹಿರಿಯರನ್ನು ಕೇಳಿ. ಅವರಪ್ಪ ಹೇಳ್ತಿದ್ದ ಮೀನಿನ ಹೆಸರುಗಳು ಅವರಿಗೆ ಇನ್ನೂ ನೆನಪಿವೆ. ಆ ಹೆಸರುಗಳನ್ನು ನಾನು ಆ ದಿನ ಬರ್ಕೊಳ್ಳಲಿಲ್ಲ. ಈ ಮುಂಗಾರಿಗೆ ನೋಟ್‌ಬುಕ್ ತಗೊಂಡು ಮತ್ತೆ ಹೋಗ್ತೀನಿ.